ಯಜಮಾನಿಯನ್ನು ಹೊರಗಿಟ್ಟ ದಿನ

ಎರಡೂ ಕೈಗೆ ರಕ್ತ ಮೆತ್ತಿಕೊಂಡು ಅವಳು ರಸ್ತೆ ದಾಟಿ ಬಂದಾಗ ವೆಲ್ಡರ್ ಒಂದು ಗೇಟಿಗೆ ಸರಳು ಕೂರಿಸುತ್ತಿದ್ದ. ಮುಖವಾಡ ಮೇಲೆತ್ತಿದವನು ಹಾಗೇ ನಿಂತುಬಿಟ್ಟ.

"ಯಾರು ಹೊಡೆದ್ರು?"

"ನನಗಲ್ಲ. ಕೋಳಿ ರಕ್ತ ಇದು. ಗೂಡಿನ ಮಧ್ಯ ಒಂದು ಜಾಲರಿ ಬೇಕಿತ್ತು. ಈಗಲೇ."

ಎದುರು ಮನೆಯ ಕಿಟಕಿಯಲ್ಲಿ ಹೊಲಿಗೆ ಯಂತ್ರದ ಮೇಲೆ ಬಗ್ಗಿರುತ್ತಿದ್ದ ಆ ತಲೆಯನ್ನು ಅವನು ದಿನವೂ ನೋಡಿದ್ದ. ದನಿ ಕೇಳಿದ್ದು ಇದೇ ಮೊದಲು. ಜಾಲರಿಯ ಸುರುಳಿಯನ್ನು ಹೆಗಲಿಗೇರಿಸಿ ಹಿಂದೆಯೇ ನಡೆದ.

ಹಿತ್ತಲಲ್ಲಿ ಐದು ಕೋಳಿಗಳು. ಅವಳು ಜೀವನದಲ್ಲಿ ಮೊದಲ ಸಲ ಸಾಕಿದವು. ಮರಿಗಳಾಗಿ ತಂದು, ಬಲ್ಬಿನ ಬಿಸಿಯಲ್ಲಿ ಬೆಳೆಸಿದವು. ಇನ್ನೂ ಒಂದೂ ಮೊಟ್ಟೆ ಇಟ್ಟಿರಲಿಲ್ಲ. ಬೂದು ಬಣ್ಣದ್ದೊಂದು, ಅವಳು ಬೂದಿ ಎನ್ನುತ್ತಿದ್ದದ್ದು, ಮೂಲೆಗೆ ತಲೆ ತುರುಕಿ ಕೂತಿತ್ತು. ಅವಳು ಯಜಮಾನಿ ಎಂದು ಕರೆಯುತ್ತಿದ್ದ ದೊಡ್ಡ ಕೋಳಿ ಅದರ ಬೆನ್ನ ಮೇಲೆ ನಿಂತು, ಪುಕ್ಕವನ್ನು ಚರ್ಮದ ಸಮೇತ ಕಿತ್ತು ನುಂಗುತ್ತಿತ್ತು. ಉಳಿದವು ಕೆಳಗೆ ಸರದಿ ಕಾಯುವಂತೆ ನಿಂತಿದ್ದವು.

ಅವಳು ಬೂದಿಯನ್ನು ಎತ್ತಿ ಮಡಿಲಿಗೆ ಹಾಕಿಕೊಂಡಳು. "ಬನ್ನಿ ಒಳಗೆ."

"ಅವು ಈಚೆ ಬರಲಿ, ಆಮೇಲೆ ಬರ್ತೀನಿ."

"ಬೆಂಕಿ ಜೊತೆ ಕೆಲಸ ಮಾಡೋರು, ಕೋಳಿಗೆ ಹೆದರ್ತೀರಾ?"

"ಹೆದರಿಕೆ ಅಲ್ಲ. ಮರ್ಯಾದೆ ಕೊಡ್ತಾ ಇದೀನಿ. ಚಿಕ್ಕವನಿದ್ದಾಗ ಒಂದು ಹುಂಜ ಬೀದಿ ತುಂಬಾ ಓಡಿಸಿತ್ತು."

ಅವಳು ನಕ್ಕಳು. ನಗುವಾಗ ಮೇಲ್ದುಟಿಯ ಒಂದು ಬದಿ ಮೊದಲು ಏರುತ್ತದೆ, ಇನ್ನೊಂದು ತಡವಾಗಿ ಸೇರಿಕೊಳ್ಳುತ್ತದೆ. ಅವನು ಅದನ್ನು ಗಮನಿಸಿದ. ಅಷ್ಟರಲ್ಲಿ ಒಳಗಿನಿಂದ ಯಾರೋ ಕೆಮ್ಮಿದರು. ನಗು ಅಲ್ಲೇ ನಿಂತಿತು.

"ಯಾರೇ ಅದು?"

"ಜಾಲರಿಯವರು, ಅಣ್ಣ."

"ಮೊಟ್ಟೆಗೆ ಗತಿಯಿಲ್ಲ, ಕೋಳಿಗೆ ಬಂಗಲೆ."

ಅಣ್ಣ ಲಾರಿ ಓಡಿಸುತ್ತಿದ್ದವನು. ಗಾಡಿ ರಿಪೇರಿ ಆಗುವ ತನಕ ಎಂದು ತಂಗಿಯ ಮನೆಗೆ ಬಂದಿದ್ದ. ಗಾಡಿ ರಿಪೇರಿಯಾಗಿ ಬೇರೆಯವರ ಕೈಗೆ ಹೋಯಿತು. ಅವನು ಹೋಗಲಿಲ್ಲ.

ಬೂದಿಯ ಬೆನ್ನಿಗೆ ಅವಳು ಒಂದು ನೇರಳೆ ಔಷಧಿ ಹಚ್ಚಿದಳು. "ಕೆಂಪು ಕಂಡ್ರೆ ಎಲ್ಲಾ ಸೇರ್ಕೊಂಡು ಕುಕ್ತಾವೆ. ಅದಕ್ಕೇ ಈ ಬಣ್ಣ."

"ನಿಮ್ಮ ಕೆನ್ನೆಗೂ ಹತ್ತಿದೆ."

"ಎಲ್ಲಿ?"

ಅವನು ಕೈ ಎತ್ತಿದ, ಮತ್ತೆ ಇಳಿಸಿ ತನ್ನ ಕೆನ್ನೆಯ ಮೇಲೇ ಜಾಗ ತೋರಿಸಿದ.

ಬೂದಿಯನ್ನು ಜಾಲರಿಯ ಆಚೆ ಒಂಟಿಯಾಗಿ ಇಟ್ಟರು. ಆಮೇಲೆ ವೆಲ್ಡರ್ ದಿನ ಬಿಟ್ಟು ದಿನ ಬಂದ. ಒಮ್ಮೆ ಜಾಲರಿ ಬಾಗಿಲಿನ ತಿರುಗಣಿ ಬಿಗಿಯಾಗಿದೆ ಎಂದು, ಇನ್ನೊಮ್ಮೆ ಸಡಿಲವಾಗಿದೆ ಎಂದು.

"ನಿಮ್ಮ ಕೆಲಸ ಇಷ್ಟು ಬೇಗ ಹಾಳಾಗುತ್ತಾ?" ಅವಳು ಹಲ್ಲಲ್ಲಿ ದಾರ ಕಡಿಯುತ್ತಾ ಕೇಳುತ್ತಿದ್ದಳು.

"ನಿಮ್ಮ ಮನೇದು ಮಾತ್ರ," ಎನ್ನುತ್ತಿದ್ದ ಅವನು, ತಿರುಗಣಿಯನ್ನೇ ನೋಡುತ್ತಾ.

ಗಾಯ ಆರಿತು. ಒಂದು ಬೆಳಿಗ್ಗೆ ಅವಳು ಜಾಲರಿ ತೆಗೆದು ಬೂದಿಯನ್ನು ಗುಂಪಿಗೆ ಬಿಟ್ಟಳು.

ಅದೇ ಬೆಳಿಗ್ಗೆ ಅಣ್ಣ ಐದರಲ್ಲೊಂದು ಕಪ್ಪು ಕೋಳಿಯ ಕತ್ತು ತಿರುಚಿ ತಂದು ಹೊಲಿಗೆ ಯಂತ್ರದ ಮೇಲೆ ಎಸೆದ. ಯಾರದೋ ಬಿಳಿ ಅಂಗಿಯ ಮೇಲೆ ಅದು ಕಾಲು ಬಡಿಯಿತು. "ಮೊಟ್ಟೆ ಇಡದ್ದು ಸಾರಿಗಾದ್ರೂ ಆಗಲಿ. ಹಚ್ಚು ಒಲೆ."

"ಅದು ನನ್ನ ಕೋಳಿ," ಎಂದಳು. ಅಷ್ಟೇ ಅಂದದ್ದು. ಅವನ ಅಂಗೈ ಕಿವಿಯ ಮೇಲೆ ಬಿತ್ತು. ಬೆರಳಿಗೆ ಓಲೆ ಸಿಕ್ಕಿತು. ಅವನು ಕೈ ಎಳೆದುಕೊಂಡಾಗ ಓಲೆಯೂ ಜೊತೆಗೆ ಬಂತು. ಅವನು ಅದನ್ನು ನೆಲಕ್ಕೆ ಕೊಡವಿ, ಚಪ್ಪಲಿ ಮೆಟ್ಟಿ ಹೊರಗೆ ಹೋದ.

ರಸ್ತೆ ದಾಟಿ ಬಂದವಳನ್ನು ಕಂಡು ವೆಲ್ಡರ್ ಮುಖವಾಡ ಎತ್ತಿದ. ಕತ್ತಿನಿಂದ ಹೆಗಲ ತನಕ ಕೆಂಪು.

"ಕೋಳಿ ರಕ್ತ," ಎಂದಳು.

ಅವನು ಹತ್ತಿರ ಬಂದು ಅವಳ ಕಿವಿಯನ್ನೇ ನೋಡಿದ. ತುಂಬ ಮೆಲ್ಲಗೆ ಕೇಳಿದ, "ಕೋಳಿಗೂ ಓಲೆ ಹಾಕಿದ್ರಾ?"

ಆಗ ಅವಳು ಅತ್ತಳು. ಅವನು ನೆಲದಲ್ಲಿದ್ದ ಸರಳೊಂದನ್ನು ಎತ್ತಿಕೊಂಡ. ಅವಳು ಅದರ ಇನ್ನೊಂದು ತುದಿ ಹಿಡಿದಳು.

"ನೀವು ಹೊಡೆದು ಈ ಕಡೆ ಬಂದ್ಬಿಡ್ತೀರಿ. ಆ ಮನೇಲಿ ಇರೋಳು ನಾನಲ್ವಾ?"

"ಹಾಗಾದ್ರೆ ನೀವೇ ಬಂದ್ಬಿಡಿ. ಶೆಡ್ಡಿನ ಹಿಂದೆ ನನ್ನ ಕೋಣೆ ಇದೆ. ಚಿಕ್ಕದು. ಆದ್ರೆ ಪೂರ್ವಕ್ಕೆ ಕಿಟಕಿ ಇದೆ. ಮೆಷಿನ್ ಅಲ್ಲಿಟ್ರೆ ಬೆಳಕು ಎಡಗಡೆಯಿಂದ ಬೀಳುತ್ತೆ."

ಅವಳು ಕಣ್ಣೊರೆಸಿಕೊಂಡಳು. "ಮೆಷಿನ್ ಎಲ್ಲಿಡೋದು ಅಂತ ಮೊದಲೇ ನೋಡಿಟ್ಟಿದ್ದೀರಾ?"

ಅವನು ಸರಳಿನ ತುಕ್ಕನ್ನು ಉಗುರಿನಿಂದ ಕೆರೆದ. "ಜಾಲರಿ ಹಾಕಿದ ದಿನವೇ."

"ಬಟ್ಟೆ ತಗೊಂಡು ಬರ್ತೀನಿ," ಎಂದು ಅವಳು ಹೊರಟಳು. ಕೋಳಿಗೆ ಕಾಳು ಹಾಕಿ ಹೋಗೋಣವೆಂದು ಹಿತ್ತಲಿಗೆ ಹೋದಳು.

ಬೂದಿ ಅದೇ ಮೂಲೆಯಲ್ಲಿ ಬಿದ್ದಿತ್ತು. ಹೊಸ ಪುಕ್ಕ ಬಂದಿದ್ದಲ್ಲೆಲ್ಲ ಮತ್ತೆ ಹಸಿ ಮಾಂಸ. ಈ ಸಲ ಯಜಮಾನಿಯ ಜೊತೆ ಉಳಿದೆರಡೂ ಮೇಲೇರಿದ್ದವು. ಇಷ್ಟು ದಿನ ದೂರ ಇದ್ದದ್ದಕ್ಕೆ ಗುಂಪಿನಲ್ಲಿ ಅದರ ಜಾಗವೇ ಮುಚ್ಚಿಹೋಗಿತ್ತು. ಈಗ ಅದು ಬೂದಿಯಲ್ಲ, ಯಾವುದೋ ಪರಕೀಯ ಕೋಳಿ.

ಅವಳು ಬಹಳ ಹೊತ್ತು ನೋಡುತ್ತಾ ನಿಂತಳು. ಆಮೇಲೆ ಕೈ ಹಾಕಿ ಯಜಮಾನಿಯ ಎರಡೂ ರೆಕ್ಕೆ ಹಿಡಿದಳು. ಅದು ಮಣಿಕಟ್ಟಿಗೆ ಕುಕ್ಕಿ ಚರ್ಮ ಕಿತ್ತಿತು. ಬಿಡದೆ ಹೊರಗೆ ತಂದು, ಬೀದಿಯ ಕಡೆ ಬುಟ್ಟಿಯೊಂದರ ಕೆಳಗೆ ಮುಚ್ಚಿಟ್ಟು ಮೇಲೊಂದು ಕಲ್ಲು ಹೇರಿದಳು. ಗೂಡಿನಲ್ಲಿ ಉಳಿದವು ಸ್ವಲ್ಪ ಹೊತ್ತು ಅತ್ತಿತ್ತ ನೋಡಿ, ಮಣ್ಣು ಕೆದಕತೊಡಗಿದವು. ಬೂದಿಯೂ ಮೆಲ್ಲಗೆ ಎದ್ದು ನಿಂತಿತು.

ಬಟ್ಟೆಯ ಗಂಟಿಲ್ಲದೆ ಬಂದವಳನ್ನು ನೋಡಿ ವೆಲ್ಡರನ ಮುಖ ಇಳಿದುಹೋಯಿತು.

"ನಾನು ಬರಲ್ಲ. ನನ್ನ ಬಾಗಿಲಿಗೊಂದು ಚಿಲಕ ಮಾಡ್ಕೊಡಿ. ಒಳಗಿಂದ ಹಾಕೋದು. ದಪ್ಪಂದು."

ಅವನು ಕೆಲಸದ ಸಾಮಾನು ಎತ್ತಿಕೊಂಡ.

ಸಂಜೆ ಅಣ್ಣ ಬಂದಾಗ ಅವನ ಟ್ರಂಕು, ಹಾಸಿಗೆ, ಕಪ್ಪು ಕೋಳಿಯ ಹೆಣ, ಮೂರೂ ಬೀದಿಯಲ್ಲಿದ್ದವು. ಮೊದಲು ಬಾಗಿಲನ್ನು ಒದ್ದ. ಚಿಲಕ ಮಿಸುಕಲಿಲ್ಲ. ವೆಲ್ಡರ್ ಓಡಿಬಂದು ಅಡ್ಡ ನಿಂತ. ಅಣ್ಣ ಅಲ್ಲೇ ಬಿದ್ದಿದ್ದ ಇಟ್ಟಿಗೆ ಎತ್ತಿ ಅವನ ಹುಬ್ಬಿಗೆ ಹೊಡೆದ. ವೆಲ್ಡರ್ ಮಂಡಿಯೂರಿ ಕುಸಿದ. ಅದೇ ಇಟ್ಟಿಗೆಯಿಂದ ಕಿಟಕಿಯ ಗಾಜು ಒಡೆದು, ಕಂಬಿಗಳ ನಡುವೆ ಕೈ ತೂರಿಸಿ ಅಣ್ಣ ಅವಳ ಜಡೆ ಹಿಡಿದೆಳೆದ. ಅವಳ ಹಣೆ ಕಂಬಿಗೆ ಬಡಿಯಿತು, ಮತ್ತೆ ಬಡಿಯಿತು.

ಅವಳ ಕೈಗೆ ಸಿಕ್ಕಿದ್ದು ಇಸ್ತ್ರಿ ಪೆಟ್ಟಿಗೆ. ಕಾದಿತ್ತು. ಬಟ್ಟೆಯ ಸುಕ್ಕು ತೆಗೆಯುವಾಗ ಒತ್ತುವ ಹಾಗೆಯೇ, ಅವಸರವಿಲ್ಲದೆ, ಅವನ ಕೈ ಮೇಲೆ ಒತ್ತಿದಳು.

ಅವನು ಕಿರುಚಿದ್ದಕ್ಕೆ ಬೀದಿಯ ಬಾಗಿಲುಗಳೆಲ್ಲ ತೆರೆದವು. ಸುಟ್ಟ ಚರ್ಮದ ವಾಸನೆ ಒಳಗೂ ಹೊರಗೂ ತುಂಬಿತು.

"ಅಣ್ಣನ ಮೇಲೇ ಕೈ ಮಾಡ್ತೀಯಾ?"

"ಟ್ರಂಕು ತಗೊಂಡು ಹೋಗು, ಅಣ್ಣ," ಎಂದಳು ಅವಳು. ಪೆಟ್ಟಿಗೆ ಕೈಯಲ್ಲೇ ಇತ್ತು.

ಎಲ್ಲರೂ ನೋಡುತ್ತಿದ್ದರು. ಹುಬ್ಬಿಂದ ರಕ್ತ ಸುರಿಸುತ್ತಾ ವೆಲ್ಡರ್ ಮತ್ತೆ ಎದ್ದು ನಿಂತಿದ್ದ. ಅಣ್ಣ ಟ್ರಂಕನ್ನು ಒಂಟಿ ಕೈಯಲ್ಲಿ ಎಳೆದುಕೊಂಡು ಹೋದ. ಅದು ಬೀದಿಯ ಕೊನೆಯ ತನಕ ಕೆರೆಯುತ್ತಾ ಹೋಯಿತು.

ಚಿಲಕ ಸರಿದ ಸದ್ದಾಯಿತು. ಅವಳು ವೆಲ್ಡರನ್ನು ಒಳಗೆ ಕರೆದು ಸ್ಟೂಲಿನ ಮೇಲೆ ಕೂರಿಸಿ, ನೇರಳೆ ಔಷಧಿಯ ಮುಚ್ಚಳ ತೆರೆದಳು.

"ಅದು ಕೋಳೀದು," ಎಂದ ಅವನು.

"ನಾನೂ ಅದನ್ನೇ ಹಚ್ಚಿಕೊಂಡಿದೀನಿ. ಅಲುಗಾಡಬೇಡಿ."

"ಬೀದಿಯವರೆಲ್ಲ ಬಣ್ಣ ನೋಡ್ತಾರೆ."

"ನೋಡಲಿ. ಇಬ್ಬರದೂ ಒಂದೇ ಬಣ್ಣ ಅಂತ ಗೊತ್ತಾಗಲಿ." ಅವಳ ಬೆರಳು ಹುಬ್ಬು ದಾಟಿ ಕೆನ್ನೆಗೆ ಇಳಿದು ಅಲ್ಲೇ ಉಳಿಯಿತು. "ನಾಳೆ ಬೆಳಕು ಎಡಗಡೆಯಿಂದ ಬೀಳೋ ಹಾಗೆ ಮೆಷಿನ್ ತಿರುಗಿಸಿ ಇಡಬೇಕು. ಇಲ್ಲೇ. ನಿಮ್ಮ ಸಾಮಾನೂ ಇಲ್ಲಿಗೇ ತನ್ನಿ."

ಅವನು ಅವಳ ಮಣಿಕಟ್ಟು ಹಿಡಿದ, ಯಜಮಾನಿ ಕುಕ್ಕಿದ ಜಾಗ ಬಿಟ್ಟು. ಹೊರಗೆ ಬುಟ್ಟಿಯ ಕೆಳಗಿನಿಂದ ಸಿಟ್ಟಿನ ಕೊಕ್ ಕೊಕ್ ಕೇಳುತ್ತಿತ್ತು.

"ಮತ್ತೆ ಒಳಗೆ ಬಿಡ್ತೀರಾ?" ಎಂದು ಕೇಳಿದ.

"ಸ್ವಲ್ಪ ದಿನ ಬಿಟ್ಟು," ಎಂದಳು ಅವಳು. "ಕೋಳೀನ."