ಡಿಕ್ಕಿ ಮುಚ್ಚಳದ ಉಬ್ಬು

ನೀವು ನಂಬದಿದ್ದರೂ ಬೇಜಾರಿಲ್ಲ, ನನ್ನ ಹೆಂಡತಿಯೇ ಮೊದಲು ನಂಬಿರಲಿಲ್ಲ. ಗುಜರಿ ಅಂಗಡಿಯವನ ಹಿತ್ತಲಲ್ಲಿ ತುಕ್ಕು ಹಿಡಿದು ಬಿದ್ದಿದ್ದ ಹಳೇ ಕಾರೊಂದನ್ನು ತಂದು, ಮನೆಯ ಶೆಡ್ಡಿನಲ್ಲೇ ರಿಪೇರಿಗೆ ಕೂತಿದ್ದೆ. ಎಂಜಿನ್ ಇಳಿಸಿದ ಮೇಲೆ ಉಳಿದದ್ದು ಬರೀ ತಗಡಿನ ಮೈ.

ಡಿಕ್ಕಿಯ ಮುಚ್ಚಳದಲ್ಲಿ ಒಂದು ಉಬ್ಬಿತ್ತು, ಒಳಗಿನಿಂದ ಯಾರೋ ಗುದ್ದಿದ ಹಾಗೆ. ಸುತ್ತಿಗೆಯಲ್ಲಿ ತಟ್ಟಿ ಮಟ್ಟ ಮಾಡಿ, ಕಣ್ಣು ಮುಚ್ಚಿ ಅಂಗೈ ಸವರಿ ನೋಡಿದೆ. ತಗಡಿನ ಕೆಲಸದಲ್ಲಿ ಕಣ್ಣನ್ನು ನಂಬಬಾರದು. ಮಾರನೆಯ ಬೆಳಿಗ್ಗೆ ಉಬ್ಬು ಮತ್ತೆ ಅಲ್ಲೇ ಎದ್ದಿತ್ತು. ಎಷ್ಟು ಸಲ ತಟ್ಟಿದರೂ ಅದೇ ಕಥೆ. ಮುಟ್ಟಿದರೆ ಅಷ್ಟು ಜಾಗ ಮಾತ್ರ ಬೆಚ್ಚಗಿರುತ್ತಿತ್ತು. ಮುಚ್ಚಳ ಎತ್ತಿದರೆ ಒಳಗೆ ತುಕ್ಕಿನ ಪುಡಿ ಬಿಟ್ಟು ಬೇರೇನಿಲ್ಲ.

“ಹಳೇ ತಗಡು, ಎದ್ದು ಬರತ್ತೆ. ಅದಕ್ಯಾಕೆ ತಲೆ ಕೆಡಿಸ್ಕೋತೀರಿ?” ಅಂದಳು ಹೆಂಡತಿ.

ನನಗೆ ಹಟ ಹತ್ತಿತು. ಅಂಚು ಅಲ್ಲಾಡದಿದ್ದರೆ ತಗಡು ಏಳುವುದಿಲ್ಲ, ಆಮೇಲೆ ಕೊಯ್ದು ಬಿಡಿಸಿದರಾಯಿತು ಅಂದುಕೊಂಡು ಮುಚ್ಚಳದ ಸುತ್ತಲೂ ವೆಲ್ಡಿಂಗ್ ಮಾಡತೊಡಗಿದೆ. ಕೊನೆಯ ಮೂಲೆ ಮುಚ್ಚಿಕೊಂಡಿದ್ದೇ ತಡ, ಒಳಗಿನಿಂದ ಬಡಿತ ಶುರುವಾಯಿತು.

ಅಡುಗೆಮನೆಯಿಂದ ಹೆಂಡತಿ ಓಡಿ ಬಂದಳು. “ತೆಗೀರಿ. ಮೊದ್ಲು ಅದನ್ನ ತೆಗೀರಿ.”

ತಗಡು ಕೊಯ್ಯುವ ಗ್ರೈಂಡರ್ ಹಿಡಿದು ಬೆಸುಗೆ ಕೊಯ್ಯತೊಡಗಿದೆ. ಅರ್ಧ ಕೊಯ್ಯುವಷ್ಟರಲ್ಲಿ ಬಡಿತ ನಿಧಾನವಾಯಿತು. ಪೂರ್ತಿ ಬಿಡಿಸುವ ಮೊದಲೇ ನಿಂತುಹೋಯಿತು. ಒಳಗೆ ತುಕ್ಕಿನ ಪುಡಿ ಬಿಟ್ಟು ಬೇರೇನಿರಲಿಲ್ಲ.

ಕಾರಿಗೆ ಇನ್ನೂ ಬಣ್ಣ ಹಚ್ಚಿಲ್ಲ. ಹೆಂಡತಿ ಶೆಡ್ಡಿನ ಕಡೆ ಸುಳಿಯುವುದಿಲ್ಲ. ನಾನು ಮಾತ್ರ ದಿನಾ ಬೆಳಿಗ್ಗೆ ಹೋಗಿ, ಕಣ್ಣು ಮುಚ್ಚಿ, ಮುಚ್ಚಳದ ಮೇಲೆ ಅಂಗೈ ಇಡುತ್ತೇನೆ. ಮಟ್ಟವಾಗಿದೆ, ನಾನು ಬಯಸಿದ ಹಾಗೆಯೇ. ತಣ್ಣಗಿದೆ.