ಕೆಂಪು ಚುಕ್ಕೆಯ ಬಸವನಹುಳು

"ಕೈ ಮೇಲೆತ್ತಿ. ಇದ್ದಲ್ಲೇ ನಿಲ್ಲಿ."

ಅವನು ಎರಡೂ ಕೈ ಎತ್ತಿದ. ಬಲಗೈಯಲ್ಲಿ ಒಂದು ಬಸವನಹುಳು ಇತ್ತು. ಅದರ ಚಿಪ್ಪಿನ ನೆತ್ತಿಯ ಮೇಲೆ ಕೆಂಪು ನೇಲ್ ಪಾಲಿಶ್‌ನ ಚುಕ್ಕೆ.

ಅವಳದೇ ನೇಲ್ ಪಾಲಿಶ್. ಅವಳದೇ ಹುಳು. ಸಂಶೋಧನಾ ಕೇಂದ್ರದ ಹಿಂದಿನ ಈ ತೋಟವೂ ಸದ್ಯಕ್ಕೆ ಅವಳದೇ.

"ಯಾರ್ರೀ ನೀವು?"

"ಲ್ಯಾಬಿಗೆ ಹೊಸಬ, ಸದ್ಯಕ್ಕೆ ತಾತ್ಕಾಲಿಕ. ಜೇಡಗಳ ಮೇಲೆ ಪಿಎಚ್‌ಡಿ. ಇಲ್ಲಿ ಪೋಸ್ಟ್‌ಡಾಕ್‌ ಹುದ್ದೆಗೆ ಅರ್ಜಿ ಹಾಕಿದೀನಿ. ಕೈ ಇಳಿಸ್ಲಾ? ನಿಮ್ಮ ಹುಳ ನನ್ ಅಂಗಿ ತೋಳೊಳಗೆ ಹೋಗ್ತಿದೆ."

ಅವಳ ಎದೆ ಜೋರಾಗಿ ಹೊಡೆದುಕೊಂಡಿತು. ಅವನ ಕಣ್ಣು ನೋಡಿ ಅಲ್ಲ, ತಪ್ಪು ತಿಳಿಯಬೇಡಿ. ಇದ್ದದ್ದು ಒಂದೇ ಹುದ್ದೆ, ಅದಕ್ಕೆ ಅವಳೂ ಅರ್ಜಿ ಹಾಕಿದ್ದಳು.

ಸರಿ, ಕಣ್ಣಿನದ್ದೂ ಸ್ವಲ್ಪ ಪಾಲಿತ್ತು.

ಅಂದಿನಿಂದ ಲ್ಯಾಬಿನಲ್ಲಿ ಅವನು ಜೇಡ, ಅವಳು ಸಿಐಡಿ.

ಅವಳ ಕೆಲಸ ಕೇಳಲು ಸುಲಭ. ಹುಳು ಹಿಡಿ, ಚುಕ್ಕೆ ಇಡು, ತೋಟಕ್ಕೆ ಬಿಡು. ಆಮೇಲೆ ಮತ್ತೆ ಹಿಡಿ. ಸಿಕ್ಕವುಗಳಲ್ಲಿ ಚುಕ್ಕೆಯವು ಎಷ್ಟು ಎಂದು ನೋಡಿದರೆ ತೋಟದ ಒಟ್ಟು ಹುಳುಗಳ ಅಂದಾಜು ಸಿಗುತ್ತದೆ. ಚುಕ್ಕೆಯವು ಕಡಿಮೆ ಸಿಕ್ಕಷ್ಟೂ ಅಂದಾಜು ಹೆಚ್ಚು.

ಆದರೆ ಈ ಸಲ ಚುಕ್ಕೆಯ ಹುಳುಗಳು ಸಿಗುವುದೇ ಅಪರೂಪವಾಗಿತ್ತು. ಲೆಕ್ಕ ಹಾಕಿದರೆ ಆ ಪುಟ್ಟ ತೋಟದಲ್ಲಿ ಊರಿನ ಜನರಿಗಿಂತ ಹೆಚ್ಚು ಬಸವನಹುಳುಗಳು! ಇದನ್ನು ಇಂಟರ್ವ್ಯೂನಲ್ಲಿ ಹೇಳಿದರೆ ಹುದ್ದೆ ಕೈತಪ್ಪಿದಂತೆಯೇ.

'ಯಾರೋ ಎತ್ತಿಕೊಂಡು ಹೋಗ್ತಿದಾರೆ... ಇನ್ಯಾರು, ಅವನೇ.'

"ಅಕ್ಕಾ, ಅವನು ದಿನಾ ಬೆಳಿಗ್ಗೆ ನನಗಿಂತ ಮುಂಚೆ ತೋಟದಲ್ಲಿರ್ತಾನೆ ಕಣೇ. ನನ್ನ ನೋಡಿದ ತಕ್ಷಣ ಜೇಬಿಗೆ ಏನೋ ಹಾಕ್ಕೊಳ್ತಾನೆ."

ಫೋನಿನ ಆ ಕಡೆ ಅಕ್ಕ ಆಕಳಿಸಿದಳು. "ನೋಡೋಕೆ ಹೆಂಗಿದಾನೆ?"

"ಅದಕ್ಕೂ ಇದಕ್ಕೂ ಏನ್ ಸಂಬಂಧ?"

"ಚೆನ್ನಾಗಿದಾನೆ ಅನ್ನು. ಇಲ್ದಿದ್ರೆ ಅವನ ಮುಖಕ್ಕೂ ಸೇರಿಸಿ ನೀನು ಬೈದಿರ್ತಿದ್ದೆ."

ಇಂಟರ್ವ್ಯೂಗೆ ಒಂದು ದಿನ ಮುಂಚೆ ಅವನು ಕಾಫಿಗೆ ಎದ್ದು ಹೋದ. ಅವಳು ಅವನ ಡ್ರಾಯರ್ ಎಳೆದಳು. ಟೇಪ್ ಬೇಕಿತ್ತು ಎನ್ನುವುದು ನೆಪ. ಒಳಗೆ ಒಂದು ಬಿಸ್ಕತ್ ಡಬ್ಬಿ ಇತ್ತು. ಮುಚ್ಚಳ ತೆಗೆದಳು.

ಡಬ್ಬಿ ತುಂಬ ಒಡೆದ ಚಿಪ್ಪುಗಳು. ಒಂದೊಂದರ ಮೇಲೂ ಕೆಂಪು ಚುಕ್ಕೆ...

ಬಾಗಿಲಲ್ಲಿ ಅವನು ನಿಂತಿದ್ದ. ಕೈಯಲ್ಲಿ ಎರಡು ಕಪ್ ಕಾಫಿ.

"ಒಂದು ಹುದ್ದೆಗೋಸ್ಕರ ಇಷ್ಟೊಂದು ಜೀವ ತೆಗೆದ್ರಲ್ಲ... ಮನಸ್ಸಾದ್ರೂ ಹೇಗೆ ಬಂತು ನಿಮಗೆ?"

"ನಾನಲ್ಲ. ಕೊಲೆಗಾರ ನಿಮ್ಮ ತೋಟದ ಕಲ್ಲಿನ ಮೇಲೇ ಕೂತ್ಕೊಂಡಿರ್ತಾನೆ." ಅವನು ಕಾಫಿ ಇಟ್ಟು ಫೋನ್ ಮುಂದೆ ಹಿಡಿದ. "ನಿನ್ನೆಯಷ್ಟೇ ಕ್ಯಾಮೆರಾಗೆ ಸಿಕ್ಕಿಬಿದ್ದ. ನೋಡಿ."

ವಿಡಿಯೋದಲ್ಲಿ ಒಂದು ಹಕ್ಕಿ. ಮಣ್ಣು ಬಣ್ಣದ ಹುಳುಗಳನ್ನು ದಾಟಿ ನೇರವಾಗಿ ಕೆಂಪು ಚುಕ್ಕೆಗೆ ಹೋಯಿತು. ಚಿಪ್ಪನ್ನು ಕಲ್ಲಿಗೆ ಬಡಿಯಿತು. ತಿಂದಿತು. ಇನ್ನೊಂದು ಕೆಂಪು ಚುಕ್ಕೆ ಹುಡುಕಿತು.

ಕಳ್ಳ ಅವನಲ್ಲ. ಹಕ್ಕಿಗೆ ಬೋರ್ಡ್ ಬರೆದು ಊಟಕ್ಕೆ ಕರೆದವಳು ಅವಳೇ.

"ಮೊದಲೇ ಯಾಕೆ ಹೇಳ್ಲಿಲ್ಲ?"

"ಮೊದಲ ದಿನವೇ ಕೈ ಎತ್ತಿಸಿದ್ರಿ. ಸಾಕ್ಷಿ ಇಲ್ಲದೆ ಹೇಳಿದ್ರೆ ನಂಬ್ತಿದ್ರಾ, ಸಿಐಡಿ ಮೇಡಂ?"

ನಂಬುತ್ತಿರಲಿಲ್ಲ. ಅದು ಅವಳಿಗೂ ಗೊತ್ತಿತ್ತು. ಆದರೂ ಅನುಮಾನ ಪೂರ್ತಿ ಸಾಯಲಿಲ್ಲ. 'ನಾಳೆ ಎಲ್ಲರೆದುರು ಇದನ್ನೇ ಎತ್ತಿ ನನ್ನ ಬೀಳಿಸ್ತಾನಾ?'

ಅವನು ಡಬ್ಬಿಯನ್ನು ಅವಳ ಕಡೆ ತಳ್ಳಿದ. "ಇದು ನಿಮ್ಮದು. ನಾಳೆ ನಾನು ಬಾಯಿ ಬಿಡಲ್ಲ."

ಮರುದಿನ ಇಡೀ ಲ್ಯಾಬಿನೆದುರು ಇಂಟರ್ವ್ಯೂ. ಆಯ್ಕೆ ಮಾಡಬೇಕಾದ ಪ್ರೊಫೆಸರಮ್ಮ ಮುಂದಿನ ಸಾಲಿನಲ್ಲಿ ಕನ್ನಡಕ ಇಳಿಸಿ ಕುಳಿತಿದ್ದರು. ಕೊನೆಯ ಸಾಲಿನಲ್ಲಿ ಅವನು. ಅವಳು ಮೊದಲ ಸ್ಲೈಡ್ ಹಾಕುವ ಮುನ್ನವೇ ಡಬ್ಬಿಯನ್ನು ಮೇಜಿನ ಮೇಲೆ ಸುರಿದಳು.

"ನನ್ನ ಅಂದಾಜು ತಪ್ಪು. ಗುರುತೇ ಹುಳುಗಳನ್ನ ಕೊಂದಿದೆ. ಇದನ್ನ ಕಂಡುಹಿಡಿದಿದ್ದು ನಾನಲ್ಲ, ಕೊನೇ ಸಾಲಿನಲ್ಲಿ ಕೂತಿರೋರು. ಆದ್ರೆ ಇದರಿಂದ ಒಂದು ಪ್ರಶ್ನೆ ಹುಟ್ಟಿದೆ. ಬಣ್ಣ ಬಚ್ಚಿಟ್ಕೊಂಡವರು ಉಳಿತಾರೆ, ಎದ್ದು ಕಾಣೋರು ಸಾಯ್ತಾರೆ. ಎಷ್ಟು ಬೇಗ ಅಂತ ಅಳೆಯೋಕೆ ನನಗೆ ಈ ಹುದ್ದೆ ಬೇಕು."

ಪ್ರೊಫೆಸರಮ್ಮ ಒಂದು ಚಿಪ್ಪು ಎತ್ತಿ ಬೆಳಕಿಗೆ ಹಿಡಿದರು. "ತಪ್ಪನ್ನ ತಾನೇ ಹೊತ್ಕೊಂಡು ಬಂದೋರನ್ನ ಮೊದಲ ಸಲ ನೋಡ್ತಿದೀನಮ್ಮ."

ಹುದ್ದೆ ಅವಳಿಗೆ ಸಿಕ್ಕಿತು. ಅವನನ್ನು ಬೇರೆ ಊರಿನ ಲ್ಯಾಬ್ ಕರೆಯಿತು.

ಅವನು ಹೊರಡುವ ದಿನ ಸಂಜೆ ಇಬ್ಬರೂ ತೋಟದಲ್ಲಿ ಕುಳಿತು ಹೊಸ ಹುಳುಗಳಿಗೆ ಗುರುತು ಹಾಕುತ್ತಿದ್ದರು. ಈ ಸಲ ಚಿಪ್ಪಿನ ಅಡಿಯಲ್ಲಿ, ಹಕ್ಕಿಗೆ ಕಾಣದ ಹಾಗೆ.

"ನಿಮ್ಮ ಡ್ರಾಯರ್ ತೆಗೆದಿದ್ದಕ್ಕೆ ಸಾರಿ."

"ಟೇಪ್ ಸಿಕ್ತಾ?"

ಅವಳು ನಗಲಿಲ್ಲ. ಅವನ ಬ್ಯಾಗು ಕಲ್ಲಿನ ಪಕ್ಕದಲ್ಲಿತ್ತು. ಅದನ್ನು ಒಮ್ಮೆ ನೋಡಿದಳು. ಥಟ್ಟನೆ ಅವನ ಕೈ ಎಳೆದುಕೊಂಡು ಹೆಬ್ಬೆರಳಿನ ಉಗುರಿನ ಮೇಲೆ ಒಂದು ಕೆಂಪು ಚುಕ್ಕೆ ಇಟ್ಟಳು.

"ಏನಿದು?"

"ಗುರುತು."

"ಗುರುತು ಹಾಕಿದ್ಮೇಲೆ ಬಿಟ್ಟುಬಿಡ್ಬೇಕಲ್ವಾ?"

"ಬಿಡ್ತೀನಿ." ಅವಳು ಇನ್ನೂ ಕೈ ಬಿಟ್ಟಿರಲಿಲ್ಲ. "ಮತ್ತೆ ಸಿಗ್ತೀಯೋ ಇಲ್ವೋ ನೋಡ್ಬೇಕಲ್ಲ."

'ನೀವು' ಎಲ್ಲೋ ಜಾರಿಹೋಗಿತ್ತು. ಅವನಿಗದು ಕೇಳಿಸಿತ್ತು.

"ಮುಂದಿನ ಭಾನುವಾರ ಇದೇ ಕಲ್ಲಿನ ಮೇಲೆ ಕೂತಿರ್ತೀನಿ. ಹಕ್ಕಿ ಬಂದು ಓಡಿಸಿದ್ರೂ ಏಳಲ್ಲ."

"ಹುಳ ಕದಿಯೋಕಾ?"

"ಈ ಸಲ ಹುಳ ಅಲ್ಲ, ಸಿಐಡಿ... ನಿನ್ನ."

ಅವಳು ಕೈ ಬಿಟ್ಟಳು. ಆಮೇಲೆ ಇನ್ನೊಂದು ಉಗುರಿಗೂ ಚುಕ್ಕೆ ಇಡಲೆಂದು ಮತ್ತೆ ಹಿಡಿದಳು.