ವಕ್ರಕೇತು ಗಡಿ ನಡೆದ ಕತೆ

ಏಳು ಬೆಟ್ಟಗಳಾಚೆ ಶಂಖಾವತಿ ಎಂಬ ರಾಜ್ಯವಿತ್ತು. ಆ ರಾಜ್ಯದಲ್ಲಿ ನಮ್ಮ ಮನೆತನಕ್ಕೆ ಒಂಬತ್ತು ತಲೆಮಾರಿನ ಗೌರವ. ಗಡಿಕಲ್ಲುಗಳನ್ನು ಕಾಯುವ ಹಕ್ಕು ನಮ್ಮದು. ನಮ್ಮವರು ಯಾರ ಮುಂದೆಯೂ ಗೂನು ಬೆನ್ನು ಮಾಡಿ ಕೂತವರಲ್ಲ, ಹೇಳಿದ ಹೊತ್ತಿಗಿಂತ ತಡವಾಗಿ ಹೋದವರಲ್ಲ. ಈ ಕತೆಯ ಕೆಂಪಾಜಮ್ಮ ಆ ಮನೆಯ ಸೊಸೆ.

ರಾಜ್ಯದಲ್ಲಿ ಐನೂರು ಮನೆ, ಐದು ಸೀಮೆ, ಸೀಮೆಗೆ ನೂರು ಮನೆ. ಮೂರು ವರ್ಷಕ್ಕೊಮ್ಮೆ ಪ್ರತಿ ಸೀಮೆಯವರೂ ಮಡಕೆಯಲ್ಲಿ ಹುಣಸೆಬೀಜ ಹಾಕಿ ಒಬ್ಬ ಮುಖಂಡನನ್ನು ಆರಿಸುತ್ತಿದ್ದರು. ಐವರು ಮುಖಂಡರಲ್ಲಿ ಮೂವರು ಹೇಳಿದಂತೆ ರಾಜ್ಯ ನಡೆಯುತ್ತಿತ್ತು.

ಮಂತ್ರಿ ವಕ್ರಕೇತು ಮಾಟಗಾರ. ಅವನು ಕೆರೆಯ ತೂಬು ಮುಚ್ಚಿಸಿ, ನೀರನ್ನೆಲ್ಲ ತನ್ನ ಹಂಸಗಳ ಕೊಳಕ್ಕೆ ತಿರುಗಿಸಿದ್ದ. ಮುನ್ನೂರು ಮನೆಗಳ ಕೊಡಗಳು ಬತ್ತಿದವು. ಮುನ್ನೂರು ಮನೆಯವರೂ ತೂಬು ತೆರೆಸುವವರಿಗೇ ಬೀಜ ಹಾಕಿದರು. ಆದರೂ ಸೋತರು!

ಯಾಕೆಂದರೆ ಸೀಮೆಗಳ ನಡುವೆ ವಕ್ರಕೇತು ಹಾಕಿದ ಗಡಿ ಒಂದು ಹಸಿರು ಹಾವು. ಅವನು ಸಿಳ್ಳೆ ಹಾಕಿದರೆ ಅದು ಹರಿದು, ಹೇಳಿದಲ್ಲಿ ಮಲಗುತ್ತಿತ್ತು. ಬಾಯಾರಿದ ಇನ್ನೂರು ಮನೆಗಳನ್ನು ಅದು ಎರಡೇ ಸೀಮೆಗಳಲ್ಲಿ ತುಂಬಿತು. ಉಳಿದ ನೂರನ್ನು ಮೂರು ಸೀಮೆಗಳಿಗೆ ಚೂರುಚೂರಾಗಿ ಹಂಚಿತು. ಆ ಮೂರರಲ್ಲೂ ವಕ್ರಕೇತುವಿನವರೇ ಗೆದ್ದರು. ಒಂದು ಸೀಮೆ ಓತಿಕ್ಯಾತದಂತಿತ್ತು, ಒಂದು ಜಿಲೇಬಿಯಂತಿತ್ತು.

ಹಾವು ಕೆಂಪಾಜಮ್ಮನ ಅಡುಗೆಮನೆಯಲ್ಲೂ ಹಾದುಹೋಗಿತ್ತು.

“ಕೆಂಪಾಜಿ, ನಾನೀಗ ಯಾವ ಸೀಮೆಯಲ್ಲಿ ಕೂತಿದ್ದೀನಿ?” ಎಂದರು ಅತ್ತೆ.

“ಕಾಲು ಓತಿಕ್ಯಾತದಲ್ಲಿ, ತಲೆ ಜಿಲೇಬಿಯಲ್ಲಿ, ಅತ್ತೆಮ್ಮ.”

“ಹಾಗಾದರೆ ಜಿಲೇಬಿಯವರಿಗೆ ಮೊದಲು ಗಂಜಿ ಹಾಕು.”

“ಗಂಜಿಗೆ ನೀರೆಲ್ಲಿದೆ?” ಎಂದಳು ಕೆಂಪಾಜಮ್ಮ. ತೊಟ್ಟಿಲಲ್ಲಿ ಅವಳ ಕೂಸು ಬಾಯಾರಿ ಅಳುತ್ತಿತ್ತು. ಅವಳು ಸೆರಗು ಸಿಕ್ಕಿಸಿ ಹೊರಟಳು.

ಮೊದಲು ರಾಜನ ಬಳಿ ಹೋದಳು. “ಗಡಿ ಮಂತ್ರಿಯ ಕೆಲಸವಮ್ಮ. ನನ್ನ ಮಂಚ ಯಾವ ಸೀಮೆಯಲ್ಲಿದೆಯೋ ನನಗೇ ಗೊತ್ತಿಲ್ಲ” ಎಂದ ರಾಜ.

ಆಮೇಲೆ ಹಾವಿನ ಬಳಿ ಹೋದಳು. “ತಾಯಿ, ಸುತ್ತಿ ಸುತ್ತಿ ನನ್ನ ಬೆನ್ನು ಮುರಿದಿದೆ. ಆದರೆ ಸಿಳ್ಳೆಯಿಲ್ಲದೆ ಅಲುಗಲಾರೆ” ಎಂದಿತು ಹಾವು.

ಕೊನೆಗೆ ಗಡಿಕಲ್ಲಿನ ಬಳಿ ಹೋದಳು. ಕಲ್ಲು ಗದರಿತು: “ಗಡಿ ಹಾಕಿದವನು ತಲೆಯ ಮೇಲೆ ಹಸಿಮಣ್ಣಿನ ಹೆಂಟೆ ಹೊತ್ತು, ಅದು ಒಣಗುವ ಮೊದಲು ಗಡಿಯನ್ನೆಲ್ಲ ನಡೆಯಬೇಕು. ನಡೆಯದಿದ್ದರೆ ಗಡಿ ಸುಳ್ಳು. ವಕ್ರಕೇತು ನಡೆದನೇ? ಕೇಳಬೇಕಾದವರು ನಿಮ್ಮ ಮನೆಯವರು. ಕೇಳಿದಿರಾ?”

ಕೇಳಿರಲಿಲ್ಲ. ಒಂಬತ್ತು ತಲೆಮಾರಿನಲ್ಲಿ ನಮ್ಮ ಮನೆತನದ ತಪ್ಪು ಇದೊಂದೇ. ಒಪ್ಪುತ್ತೇನೆ.

ಮರುದಿನ ಬೆಳಗ್ಗೆ ಕೆಂಪಾಜಮ್ಮ ಆಸ್ಥಾನದಲ್ಲಿ ನಿಂತು ಕೇಳಿದಳು. ವಕ್ರಕೇತು ನಕ್ಕ. “ಅಷ್ಟೇನಾ? ತಾ, ಹೆಂಟೆ.”

ಕೆರೆಯ ತಳದ ಜೇಡಿಯನ್ನು ಅವಳೇ ಎಲ್ಲರ ಎದುರಿಗೆ ಕಲಸಿ, ಅವನ ತಲೆಯ ಮೇಲಿಟ್ಟಳು. ಕೆಸರುನೀರು ಮಂತ್ರಿಯ ಮೂಗಿನ ತುದಿಯಿಂದ ತೊಟ್ಟಿಕ್ಕಿತು.

ನಡೆದ. ಓತಿಕ್ಯಾತದ ಬಾಲ ಮುಗಿಯಲಿಲ್ಲ. ಎಮ್ಮೆಕೊಟ್ಟಿಗೆಯಲ್ಲಿ ಹೊಕ್ಕು ಹೊರಬಂದ. ಒಬ್ಬರ ಬಟ್ಟೆ ಒಗೆಯುವ ಕಲ್ಲನ್ನು ಮೂರು ಸುತ್ತು ಹಾಕಿದ. ಊರೇ ಹಿಂದೆ ಬಂತು.

“ಮಂತ್ರಿಗಳೇ, ಎಡಕ್ಕಲ್ಲ, ಬಲಕ್ಕೆ! ನಿಮ್ಮದೇ ತಿರುವು, ನಿಮಗೇ ಮರೆತುಹೋಯಿತೇ?”

“ಬಗ್ಗಿ ಬನ್ನಿ ಸ್ವಾಮಿ. ನಿಮ್ಮ ಗೆರೆ ನನ್ನ ಮಂಚದ ಕೆಳಗೆ ಹೋಗಿದೆ. ಅಲ್ಲಿ ಬೆಕ್ಕು ಮರಿ ಹಾಕಿದೆ, ನೋಡಿಕೊಂಡು!” ಎಂದರು ಅತ್ತೆ.

ಮಧ್ಯಾಹ್ನವಾಯಿತು. ಜಿಲೇಬಿ ಇನ್ನೂ ಪೂರಾ ಬಾಕಿ. ಬಿಸಿಲಿಗೆ ಹೆಂಟೆ ಬಿರುಕು ಬಿಡತೊಡಗಿತು. ವಕ್ರಕೇತು ಹೆದರಿದ. ಒಂದೇ ಒಂದು ತಿರುವು ಕಡಿಮೆಯಾಗಲೆಂದು ಮೆಲ್ಲಗೆ ಸಿಳ್ಳೆ ಹಾಕಿದ.

ಹಾವು ಕಾದಿದ್ದುದೇ ಅದಕ್ಕೆ. ಒಂದು ತಿರುವಲ್ಲ, ಎಲ್ಲ ತಿರುವುಗಳನ್ನೂ ಬಿಚ್ಚಿ ನೆಟ್ಟಗೆ ಚಾಚಿಕೊಂಡಿತು. “ಅಬ್ಬಾ!” ಎಂದಿತು. ಅವನು ಮತ್ತೆ ಸಿಳ್ಳೆ ಹಾಕಿದ, ಮತ್ತೆ ಮತ್ತೆ ಹಾಕಿದ. ಗಡಿ ಸುಳ್ಳಾದ ಮೇಲೆ ಹಾವು ಬಾಗಲಿಲ್ಲ, ಕಾಡಿಗೆ ಹರಿದುಹೋಯಿತು. ಹೆಂಟೆ ಒಡೆದು ಪುಡಿಯಾಗಿ ಅವನ ಹೆಗಲ ಮೇಲೆ ಸುರಿಯಿತು. ಮಾಟ ಅಲ್ಲಿಗೆ ಮುಗಿಯಿತು.

ರಾಜನೇ ಹೆಂಟೆ ಹೊತ್ತು ಹೊಸ ಗಡಿ ನಡೆದ. ಬಿಸಿಲೇರುವ ಮೊದಲೇ ನಡೆದು ಮುಗಿಸಿದ. ಹುಣಸೆಬೀಜ ಬಿದ್ದವು, ಮುನ್ನೂರು ಮನೆ ಗೆದ್ದವು, ತೂಬು ತೆರೆಯಿತು. ಕೂಸು ಹೊಟ್ಟೆ ತುಂಬ ನೀರು ಕುಡಿದು ನಿದ್ದೆ ಹೋಯಿತು. ವಕ್ರಕೇತು ಹಂಸಗಳನ್ನು ಕೆರೆಗೆ ಹೊಡೆದುಕೊಂಡು ಬಂದು ಅವುಗಳನ್ನು ಕಾಯುತ್ತ ಅಲ್ಲೇ ಇದ್ದುಬಿಟ್ಟ. ಹಂಸಗಳಿಗೂ ಸುಖ, ಅವನಿಗೂ ಸುಖ, ಶಂಖಾವತಿಗೆಲ್ಲ ಸುಖ.

ಆದರೆ ವಕ್ರಕೇತುವಿನ ವಂಶದವರು ಕೆಂಪಾಜಮ್ಮ ಕೊಟ್ಟ ಹೆಂಟೆ ಮೊದಲೇ ಒಣಗಿತ್ತೆಂದು ಇಂದಿಗೂ ಮದುವೆಮನೆಗಳಲ್ಲಿ ಹೇಳಿಕೊಂಡು ತಿರುಗುತ್ತಾರೆ. ಹೆಂಟೆ ಹಸಿಯಾಗಿತ್ತು. ಅವರು ಕ್ಷಮೆ ಕೇಳಬೇಕು.